ಕಂಪ್ಯೂಟರ್ ಪರದೆಯ ನಡುವೆ ತಿರುಗುವ ಚಕ್ರದವರ ಸನ್ನಿಧಿಗೆ

ಮಾನ್ಯರೇ,

ತಮ್ಮ ಪಾದಗಳಿಗೆ, ಅವು ಇದ್ದ ಪಕ್ಷದಲ್ಲಿ, ನನ್ನ ನಮಸ್ಕಾರಗಳು. ಇವತ್ತು ಗುರುವಾರ, ನನ್ನ ಉಪವಾಸದ ದಿನ. ಬೆಳಿಗ್ಗೆ ಐದಕ್ಕೆ ಎದ್ದು, ಒಲೆ ಒರೆಸಿ, ಮನೆಯ ಮುಂದೆ ಗುಡಿಸಿ, ನೀರು ತುಂಬಿಟ್ಟು, ನಮ್ಮ ಮನೆಯವರ ಎರಡು ಅಂಗಿ ಒಗೆದು ಹಗ್ಗಕ್ಕೆ ಹಾಕಿ, ಅವರಿಗೆ ತಿನ್ನಲು ಮಾಡಿಟ್ಟು, ದೇವರ ಮುಂದೆ ಒಂದು ಗಳಿಗೆ ಕೂತು, ಆಮೇಲೆ ಕೆಲಸಕ್ಕೆ ಬಂದು ಮೊದಲು ತಮ್ಮ ದರ್ಶನ ಪಡೆದು, ತಾವು ಎಂದಿನಂತೆ ತಿರುಗುತ್ತಲೇ ಇರುವುದನ್ನು ಕಣ್ತುಂಬ ನೋಡಿ, ಹಗಲಿನ ಕೆಲಸ ಮುಗಿಸಿ, ಈಗ ಈ ಪತ್ರ ಬರೆಯಲು ಕೂತಿದ್ದೇನೆ. ಹೊಟ್ಟೆಯಲ್ಲಿ ಎರಡು ಲೋಟ ನೀರು ಬಿಟ್ಟರೆ ಬೇರೇನೂ ಇಲ್ಲ. ಹಾಗಾಗಿ ಸುಳ್ಳು ಬರೆಯುವಷ್ಟು ತ್ರಾಣ ನನ್ನಲ್ಲಿಲ್ಲವೆಂದು ತಾವು ನಂಬಬಹುದು.

ನಾನು ಯಾರೆಂದು ತಮಗೆ ತಿಳಿದಿರಲಾರದು. ಎಂಬತ್ತು ಕೋಣೆಗಳ ಒಂದು ವಸತಿಗೃಹದ ನೆಲಮಾಳಿಗೆಯಲ್ಲಿ, ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ, ಹರಿದ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಕಿಟಕಿ ಪರದೆಗಳನ್ನು ಹೊಲಿದು ಸರಿಮಾಡುವವಳು ನಾನು. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ. ಎಷ್ಟು ಬಟ್ಟೆ ಬಂತು, ಎಷ್ಟು ಹೋಯಿತು ಎಂದು ಬರೆದಿಡಲು ಕೊಟ್ಟಿರುವ ಒಂದು ಹಳೆಯ ಕಂಪ್ಯೂಟರ್ ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲೇ ಕೂತಿದೆ, ಎರಡೂ ಒಂದೇ ವಯಸ್ಸಿನವು. ಈ ಪತ್ರವನ್ನು ತಮ್ಮ ಮೇಲ್ ಕಂಪನಿಯ ದೊಡ್ಡವರಿಗೆ ಬರೆಯಬೇಕಾಗಿತ್ತು ಎಂದು ನನಗೂ ಗೊತ್ತು. ಆದರೆ ಅವರ ಮುಖ ನಾನು ಕಂಡವಳಲ್ಲ. ಹತ್ತಿರ ಹತ್ತಿರ ಮೂರು ದಿನದಿಂದ ನಾನು ಕಂಡಿರುವ ಮುಖ ತಮ್ಮದೊಂದೇ. ಅದಕ್ಕೇ, ಈ ಪತ್ರಿಕೆಯವರು ಪ್ರತಿ ಶನಿವಾರ ಹಾಕುವ ದೂರುಗಳ ಪುಟದ ಮೂಲಕ, ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ಮೊದಲು ಮೆಚ್ಚುಗೆಯ ಮಾತು. ಮಂಗಳವಾರ ಮಧ್ಯಾಹ್ನ ಹನ್ನೆರಡೂಕಾಲಿಗೆ ಶುರುಮಾಡಿದ ತಾವು ಊಟವಿಲ್ಲದೆ, ನೀರಿಲ್ಲದೆ, ಕಣ್ಣು ಮುಚ್ಚದೆ ಒಂದೇ ಸಮನೆ ತಿರುಗುತ್ತಿದ್ದೀರಿ. ವಾರಕ್ಕೊಂದು ದಿನ ಉಪವಾಸ ಮಾಡಿ ಸಂಜೆಯ ಹೊತ್ತಿಗೆ ತಲೆ ಸುತ್ತಿ ಗೋಡೆ ಹಿಡಿಯುವ ನಾನು ತಮ್ಮ ವ್ರತದ ಮುಂದೆ ಯಾವ ಲೆಕ್ಕ! ನನ್ನ ಹೊಲಿಗೆ ಯಂತ್ರದ ಚಕ್ರವೂ ತಿರುಗುತ್ತದೆ, ಆದರೆ ಅದು ತಿರುಗಿದರೆ ಒಂದು ಗೇಣಾದರೂ ಹೊಲಿಗೆ ಬೀಳುತ್ತದೆ. ಏನೂ ಆಗದಂತೆ ಇಷ್ಟು ಹೊತ್ತು ತಿರುಗುವ ವಿದ್ಯೆ ಅದಕ್ಕೆ ಬರುವುದಿಲ್ಲ. ನಡುನಡುವೆ ತಾವು ಉಸಿರು ಬಿಡಲು ನಿಂತಾಗ ಕಾಣಿಸುವ "ಏನೋ ತಪ್ಪಾಗಿದೆ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ" ಎಂಬ ಮಾತಿನ ವಿನಯವನ್ನಂತೂ ಏನೆಂದು ಹೇಳಲಿ. ಏನು ತಪ್ಪು, ಯಾರ ತಪ್ಪು, ಸ್ವಲ್ಪ ಎಂದರೆ ಎಷ್ಟು ಎಂದು ಹೇಳಿ ಎದುರಿಗಿದ್ದವರ ಮನಸ್ಸು ನೋಯಿಸದ ಇಂಥ ನಡತೆ ನಮ್ಮ ಮನೆಯವರಿಗೂ ಇಲ್ಲ.

ಇನ್ನು ನನ್ನ ಅಹವಾಲು. ಅದನ್ನು ಹೇಳಬೇಕಾದರೆ ಒಂದು ಗಡಿಯಾರದಿಂದ ಶುರುಮಾಡಬೇಕು. ಚಕ್ರ ಇರುವ ವಸ್ತುವಾದ್ದರಿಂದ ತಮಗೆ ಬೇಸರವಾಗಲಾರದು.

ನಮ್ಮ ಅಪ್ಪ ಶಾಲೆಯಲ್ಲಿ ಗಂಟೆ ಹೊಡೆಯುವವರಾಗಿದ್ದರು. ಮನೆಯ ಗೋಡೆ ಗಡಿಯಾರವನ್ನು ಯಾವಾಗಲೂ ಏಳು ನಿಮಿಷ ಮುಂದೆ ಇಟ್ಟಿರುತ್ತಿದ್ದರು. ಮೂವತ್ತೆರಡು ವರ್ಷ ಒಂದು ದಿನವೂ ಗಂಟೆ ತಡವಾಗಲಿಲ್ಲ. ನಾನೂ ನಮ್ಮ ಅಕ್ಕನೂ ಆ ಗಡಿಯಾರ ನೋಡಿಕೊಂಡು ಓಡಿ, ಬಾಗಿಲು ತೆರೆಯದ ಶಾಲೆಯ ಮೆಟ್ಟಿಲ ಮೇಲೆ ಏಳು ನಿಮಿಷ ಕೂತು ಬೆಳೆದವರು. ಒಂಬತ್ತು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಅದಾದ ಹದಿನೈದನೆಯ ದಿನ ನಾನು ಅಕ್ಕನ ಮನೆಗೆ ಹೋದರೆ, ಅಪ್ಪನ ಗಡಿಯಾರ ಅವಳ ಗೋಡೆಯ ಮೇಲೆ ಸರಿಯಾದ ಸಮಯ ತೋರಿಸುತ್ತಿತ್ತು. "ಎಲ್ಲರೂ ಏನು ಟೈಮು ಅಂತ ಕೇಳಿ ಕೇಳಿ ಸಾಕಾಯ್ತು ಕಣೇ, ಸರಿ ಮಾಡಿದೆ" ಅಂದಳು. ಅಪ್ಪನನ್ನು ಎರಡನೇ ಸಲ ಕೊಂದೆ ಅಂದೆ ನಾನು. ಬಾಯಿಗೆ ಬಾಯಿ ಬೆಳೆಯಿತು. ಕೊನೆಗೆ ನಾನು ದೇವರ ಎದುರು ನಿಂತು ಆಣೆ ಹಾಕಿದೆ: ಇನ್ನು ನಿನ್ನ ಹತ್ತಿರ ಮಾತಾಡಲ್ಲ, ಫೋನ್ ಮಾಡಲ್ಲ, ಕಾಗದ ಕಳಿಸಲ್ಲ, ಯಾರ ಕೈಯಲ್ಲೂ ಹೇಳಿ ಕಳಿಸಲ್ಲ, ನಾನೂ ಇಲ್ಲ, ನಮ್ಮ ಮನೆಯವರೂ ಇಲ್ಲ. ಇಷ್ಟು ಹೇಳಲು ಅರ್ಧ ನಿಮಿಷ ಸಾಕಾಯಿತು. ಪಕ್ಕದಲ್ಲಿ ನಿಂತಿದ್ದ ನಮ್ಮ ಮನೆಯವರು ಇವತ್ತಿಗೂ "ನನ್ನನ್ನ ಒಂದು ಮಾತು ಕೇಳದೆ ನನ್ನ ಆಣೇನೂ ಸೇರಿಸಿ ಹಾಕಿಬಿಟ್ಟಳು" ಎಂದು ಬಂದವರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಾರೆ.

ಆಣೆ ಆಣೆಯೇ. ಕೋಪ ಎರಡು ತಿಂಗಳಲ್ಲಿ ಇಳಿಯಿತು, ಆದರೆ ದೇವರ ಎದುರು ಆಡಿದ ಮಾತನ್ನು ಕೋಪ ಇಳಿದ ಕಾರಣಕ್ಕೆ ವಾಪಸು ತೆಗೆದುಕೊಳ್ಳಲು ಅದೇನು ಅಳತೆ ತಪ್ಪಿದ ರವಿಕೆಯೇ? ಹೀಗೆ ಇರುವಾಗ ಒಂದು ದಿನ ಅಪ್ಪನ ಪಿಂಚಣಿಯ ಕಾಗದವೊಂದು ಬೇಕಾಗಿ, ಅದಕ್ಕೆಂದೇ ಹಿಂದೆ ತಮ್ಮ ಕಂಪನಿಯಲ್ಲಿ ತೆರೆದಿದ್ದ ಅಪ್ಪನ ಮೇಲ್ ಪೆಟ್ಟಿಗೆಯನ್ನು ತೆರೆದೆ. ಪಾಸ್‌ವರ್ಡ್ ನನಗೂ ಅಕ್ಕನಿಗೂ ಗೊತ್ತಿತ್ತು. ಅದರೊಳಗೆ ಡ್ರಾಫ್ಟ್ ಎನ್ನುವ ಕಡೆ, ಅಂದರೆ ಬರೆದು ಮುಗಿಸದ, ಯಾರಿಗೂ ಕಳಿಸದ ಕಾಗದಗಳು ಕೂತಿರುವ ಕಡೆ, ಒಂದೇ ಒಂದು ಸಾಲು ಇತ್ತು: "ಮೊಣಕಾಲು ಹೇಗಿದೆಯೋ ಏನೋ." ಯಾರಿಗೆ ಎಂದು ಇಲ್ಲ, ಯಾರು ಎಂದು ಇಲ್ಲ. ಮಾತಾಡಲ್ಲ ಅಂದಿದ್ದೆ, ಇದು ಮಾತಲ್ಲ. ಕಳಿಸಲ್ಲ ಅಂದಿದ್ದೆ, ಇಲ್ಲಿ ಕಳಿಸುವ ಪ್ರಶ್ನೆಯೇ ಇಲ್ಲ. ಅದರ ಕೆಳಗೆ "ಮೆಟ್ಟಿಲು ಇಳಿಯುವಾಗ ಮಾತ್ರ ನೋವು" ಎಂದು ಬರೆದು, ಹಾಗೇ ಮುಚ್ಚಿಟ್ಟು ಬಂದೆ.

ಮಾನ್ಯರೇ, ಅಲ್ಲಿಂದ ಇಲ್ಲಿಯವರೆಗೆ ನಾನೂ ನಮ್ಮ ಅಕ್ಕನೂ ಒಂದು ಮಾತಾಡಿಲ್ಲ, ಒಂದು ಕಾಗದ ಕಳಿಸಿಲ್ಲ. ಪ್ರತಿ ಗುರುವಾರ, ಹಸಿದ ಹೊಟ್ಟೆಯಲ್ಲಿ, ಒಂದು ಡ್ರಾಫ್ಟ್ ಬರೆದಿಡುತ್ತೇನೆ. ಅವಳು ತನ್ನೂರಿನಲ್ಲಿ ಅದೇ ಪೆಟ್ಟಿಗೆ ತೆರೆದು ಅಕಸ್ಮಾತ್ತಾಗಿ ಓದುತ್ತಾಳೆ. ಅಕಸ್ಮಾತ್ತಾಗಿ ಉತ್ತರ ಬರೆದಿಡುತ್ತಾಳೆ. ಒಂಬತ್ತು ವರ್ಷದ ಇಂಥ ಅಕಸ್ಮಾತ್ತುಗಳು ಒಟ್ಟು ಒಂಬೈನೂರಕ್ಕೆ ಸ್ವಲ್ಪ ಕಮ್ಮಿ ಇವೆ. ಅವಳ ಗಂಡ ತೀರಿಕೊಂಡ ಸುದ್ದಿಯನ್ನೂ ನಾನು ಓದಿದ್ದು ಅಲ್ಲೇ, ಅತ್ತಿದ್ದೂ ಅಲ್ಲೇ ಬರೆದು. ಎರಡು ಗಂಟೆ ಬಸ್ಸಿನ ದಾರಿ, ಹೋಗಬಹುದಿತ್ತು. ಬರಲ್ಲ ಎಂದು ನಾನೇನೂ ಆಣೆ ಹಾಕಿರಲಿಲ್ಲ. ಆದರೆ ನಾವಿಬ್ಬರೂ ಎದುರುಬದುರು ಕೂತು ಬಾಯಿ ಮುಚ್ಚಿಕೊಂಡಿರುವುದು ಆಗುವ ಹೋಗುವ ಕೆಲಸವೇ!

ಇದಿಷ್ಟನ್ನೂ ಒಂಬತ್ತು ವರ್ಷ ಜೋಪಾನ ಮಾಡಿದ ತಮ್ಮ ಕಂಪನಿಗೆ ನಾನು ಋಣಿ. ಅದನ್ನು ಇಲ್ಲ ಅನ್ನುವವಳಲ್ಲ. ಆದರೆ ಈ ಮಂಗಳವಾರ, ಗುರುವಾರವೇ ಅಲ್ಲದ ಮಂಗಳವಾರ, ಕೈಯಲ್ಲಿದ್ದ ಕಿಟಕಿ ಪರದೆಯ ಅಂಚು ಮಡಿಸಿಟ್ಟು ಪೆಟ್ಟಿಗೆ ತೆರೆದರೆ ಅಕ್ಕನ ಹೊಸ ಡ್ರಾಫ್ಟ್ ಬಂದು ಕೂತಿತ್ತು. ಪಟ್ಟಿಯಲ್ಲಿ ಮೊದಲ ಸಾಲಷ್ಟೇ ಕಾಣುತ್ತದೆ ಎಂದು ತಮಗೆ ಗೊತ್ತೇ ಇದೆ. ಆ ಸಾಲು ಹೀಗಿತ್ತು: "ಕೋಪ ಮಾಡ್ಕೊಳ್ಳಲ್ಲ ಅಂದ್ರೆ ಒಂದು ವಿಷಯ. ಬರೋ ಸೋಮವಾರ ಹನ್ನೊಂದು ಗಂಟೆಗೆ ನಾನು". ಮುಂದೆ ಮೂರು ಚುಕ್ಕಿ. ನಾನು ಒತ್ತಿದೆ. ತಾವು ಬಂದಿರಿ. ಬಂದವರು ಹೋಗಲೇ ಇಲ್ಲ.

ಸೋಮವಾರ ಹನ್ನೊಂದು ಗಂಟೆಗೆ ನಾನು, ಏನು? ಆಪರೇಷನ್ ಮಾಡಿಸಿಕೊಳ್ಳುತ್ತೇನೆಯೇ? ಮನೆ ಮಾರುತ್ತೇನೆಯೇ? ಯಾತ್ರೆ ಹೊರಟು ಇನ್ನು ಬರುವುದೇ ಇಲ್ಲವೇ? ಮಂಗಳವಾರ ಸಂಜೆಯೊಳಗೆ ನಾನು ಅವಳನ್ನು ಮೂರು ಆಸ್ಪತ್ರೆಗೆ ಸೇರಿಸಿ, ಎರಡು ಸಲ ಮನೆ ಮಾರಿಸಿ, ಒಂದು ಸಲ ಸನ್ಯಾಸ ಕೊಡಿಸಿದ್ದೆ. ನಮ್ಮ ಮನೆಯವರು ಯೋಚನೆ ಮಾಡಿ, "ಗಡಿಯಾರ ಮಾರ್ತಾಳೋ ಏನೋ" ಅಂದರು. ಆ ಸಂಜೆ ಅವರಿಗೆ ನಾನು ಎರಡನೇ ಸಲ ಬಡಿಸಲಿಲ್ಲ. "ಆ ಆಣೆ ಬಿಟ್ಟು ಒಂದು ಫೋನ್ ಮಾಡಿಬಿಡೇ ಮಾರಾಯ್ತಿ, ದೇವರು ಅಷ್ಟೆಲ್ಲ ಕೂತು ಬರೆದಿಟ್ಟಿರಲ್ಲ" ಎಂದೂ ಅಂದರು. ದೇವರು ಬರೆದಿಡುವುದಿಲ್ಲ ಎಂದು ಇವರಿಗೆ ಹೇಳಿದವರು ಯಾರು? ತಮ್ಮ ಕಂಪನಿಯೇ ಎಲ್ಲ ಬರೆದಿಡುತ್ತದಂತೆ, ದೇವರು ಬಿಡುತ್ತಾನೆಯೇ?

ಬುಧವಾರ ಬೆಳಿಗ್ಗೆ ತಮ್ಮ ಕಂಪನಿಯ ಸಹಾಯದ ಪುಟಕ್ಕೆ ಹೋದೆ. ಅಲ್ಲಿ ಸಾಲಾಗಿ ಹಸಿರು ಗುರುತು ಹಾಕಿ "ಎಲ್ಲ ಸೇವೆಗಳೂ ಸುಸ್ಥಿತಿಯಲ್ಲಿವೆ" ಎಂದು ಬರೆದಿತ್ತು. ಓದಿ ನನಗೇ ನಾಚಿಕೆಯಾಯಿತು; ಸೇವೆಗಳೆಲ್ಲ ಸುಸ್ಥಿತಿಯಲ್ಲಿದ್ದ ಮೇಲೆ ಕೆಟ್ಟಿರುವವಳು ನಾನೇ ಇರಬೇಕು. ಆದರೂ ಧೈರ್ಯ ಮಾಡಿ ದೂರು ಕೊಡಲು ಹೋದರೆ, "ತಾವು ಯಂತ್ರವಲ್ಲವೆಂದು ಖಾತ್ರಿಪಡಿಸಿ, ಬಸ್ಸು ಇರುವ ಚಿತ್ರಗಳನ್ನೆಲ್ಲ ಒತ್ತಿ" ಎಂದರು. ಒಂದು ಬಸ್ಸಿನ ಹಿಂದಿನ ಗಾಲಿ ಪಕ್ಕದ ಚೌಕಕ್ಕೆ ಚಾಚಿತ್ತು. ಅದು ಬಸ್ಸೋ ಅಲ್ಲವೋ ಎಂದು ಯೋಚಿಸುವಷ್ಟರಲ್ಲಿ ಹೊತ್ತು ಮೀರಿ ನಾನು ಯಂತ್ರವೆಂದು ತೀರ್ಮಾನವಾಯಿತು. ಮೂರನೆಯ ಸಲಕ್ಕೆ ಮನುಷ್ಯಳೆಂದು ಒಪ್ಪಿಕೊಂಡು, "ತಮ್ಮ ದೂರನ್ನು ತಮ್ಮ ಮೇಲ್ ಮೂಲಕ ಕಳಿಸಿ" ಎಂದರು. ಬಾವಿಗೆ ಬಿದ್ದವಳಿಗೆ, ಮೇಲೆ ಬಂದು ಅರ್ಜಿ ಕೊಟ್ಟರೆ ಹಗ್ಗ ಬಿಡುತ್ತೇವೆ ಅಂದ ಹಾಗಾಯಿತು. ಎಷ್ಟು ಕ್ರಮಬದ್ಧ ಕಚೇರಿ!

ದೇವರ ದಯೆ, ಅದೇ ದಿನ ನಮ್ಮ ವಸತಿಗೃಹದ ಲಿಫ್ಟೂ ಕೆಟ್ಟಿತು. ಅದನ್ನು ರಿಪೇರಿ ಮಾಡಲು ಬರುವವರು ನನ್ನಷ್ಟೇ ವಯಸ್ಸಿನ, ನನ್ನದಕ್ಕಿಂತ ಕೆಟ್ಟ ಮೊಣಕಾಲಿನ ಒಬ್ಬ ದಪ್ಪನೆಯ ಮನುಷ್ಯರು. ಅವರ ಅಂಗಿಯ ಗುಂಡಿ ಹೊಲಿದುಕೊಡುತ್ತ ನಾನು ತಮ್ಮನ್ನು ತೋರಿಸಿದೆ. ಅವರು ತಮ್ಮನ್ನು ಎರಡು ಕ್ಷಣ ನೋಡಿ ನಕ್ಕರು. ಕ್ಷಮಿಸಬೇಕು, ನಕ್ಕಿದ್ದು ನಿಜ. "ಲಿಫ್ಟ್ ಕೆಟ್ಟರೆ ಮೇಲಿನ ಮಹಡಿ ಬಿದ್ದುಹೋಗುತ್ತಾ ತಾಯಿ? ಮೆಟ್ಟಿಲು ಇದೆಯಲ್ಲ! ಇವರ ವೆಬ್ ಪುಟ ಕೆಟ್ಟಿದೆ ಅಷ್ಟೆ, ಕಾಗದ ಎಲ್ಲ ಒಳಗೆ ಹಾಗೇ ಇದೆ. ಹಿಂದಿನ ಮೆಟ್ಟಿಲಿಂದ ಹೋಗೋಣ" ಅಂದರು. ಮೆಟ್ಟಿಲು ಎಂದರೆ ಮೇಲ್ ಓದುವ ಒಂದು ಪ್ರೋಗ್ರಾಂ ಅಂತೆ, ನಮ್ಮದೇ ಕಂಪ್ಯೂಟರಿನಲ್ಲಿ ಕೂರುತ್ತದಂತೆ, ಕಾಗದಗಳ ಒಂದು ಪ್ರತಿ ತಂದು ನಮ್ಮ ಮನೆಯಲ್ಲೇ ಇಡುತ್ತದಂತೆ, ಹಣವೂ ಬೇಡವಂತೆ. ಪುಕ್ಕಟೆ ಅಂದ ಕೂಡಲೇ ನಾನು ಸೂಜಿ ನಿಲ್ಲಿಸಿದೆ. ತಮ್ಮ ಕಂಪನಿಯದೂ ಪುಕ್ಕಟೆಯೇ ಅಲ್ಲವೇ. ಅದಕ್ಕವರು, ಇದು ಓಪನ್ ಸೋರ್ಸ್, ಬರೆದವರು ಒಳಗೇನಿದೆ ಎಂದು ಎಲ್ಲರಿಗೂ ತೆರೆದಿಟ್ಟಿದ್ದಾರೆ, ಬಲ್ಲವರು ಯಾರು ಬೇಕಾದರೂ ನೋಡಬಹುದು, ತಪ್ಪಿದ್ದರೆ ತಿದ್ದಬಹುದು ಎಂದರು. ಅಷ್ಟು ಹೇಳಿದ್ದು ನನಗೆ ಸಾಕಾಯಿತು. ಮೂವತ್ತು ವರ್ಷದಿಂದ ನಾನು ಬಟ್ಟೆ ಕೊಳ್ಳುವಾಗ ಮಾಡುವುದು ಅದನ್ನೇ: ಒಳಮಗ್ಗುಲು ಹೊರಗೆ ತಿರುಗಿಸಿ ಹೊಲಿಗೆ ನೋಡುತ್ತೇನೆ. ತಿರುಗಿಸಲು ಬಿಡದ ಅಂಗಡಿಗೆ ಮತ್ತೆ ಹೋಗುವುದಿಲ್ಲ.

ಆದರೂ ಆರಿಸುವುದು ಸುಲಭವಾಗಲಿಲ್ಲ. ಮೊದಲನೆಯದು ನೋಡಲು ಬಹಳ ಚೆಲುವಾಗಿತ್ತು, ಆದರೆ ಬಾಗಿಲಲ್ಲೇ ನಿಲ್ಲಿಸಿ ಹುಟ್ಟಿದ ದಿನ, ಫೋನ್ ನಂಬರು ಕೇಳಿತು; ಲಿಫ್ಟಿನವರು ಅದರ ಹೆಸರು ಮತ್ತೊಮ್ಮೆ ಓದಿ, "ಥೂ, ಇದು ನಮ್ಮದಲ್ಲ, ವೇಷ ಹಾಕ್ಕೊಂಡು ಬಂದಿದೆ" ಎಂದು ತೆಗೆದುಹಾಕಿದರು. ಎರಡನೆಯದು ಅವರ ಪ್ರಾಣಕ್ಕೆ ಪ್ರಾಣ. ಬರೀ ಕಪ್ಪು ಪರದೆ, ಬಿಳಿ ಅಕ್ಷರ, ಗುಂಡಿಯಿಲ್ಲ, ಚಿತ್ರವಿಲ್ಲ, ಪ್ರತಿಯೊಂದಕ್ಕೂ ಒಂದೊಂದು ಕೀಲಿ ನೆನಪಿಟ್ಟು ಒತ್ತಬೇಕು. ಕರೆಂಟು ಹೋದಾಗ ಮಾಡುವ ಪ್ರಾರ್ಥನೆಯ ಹಾಗಿದೆ, ದೇವರಿಗೆ ತಿಳಿಯುತ್ತದೆ ನನಗೆ ತಿಳಿಯುವುದಿಲ್ಲ ಅಂದೆ. ಅವರಿಗೆ ನೋವಾಯಿತು, ಅರ್ಧ ಗಂಟೆ ಲಿಫ್ಟಿನ ಹತ್ತಿರವೇ ಇದ್ದು ಬಂದರು. ಮೂರನೆಯದು ಹಳೆಯ ಕಾಲದ ಬೀರುವಿನ ಹಾಗೆ ಸಾದಾ ಇತ್ತು. ಎಡಗಡೆ ಖಾನೆಗಳು, ಬಲಗಡೆ ಕಾಗದ. ನಾನು ಒಂದು ಸಾಲು ಟೈಪ್ ಮಾಡಿ ನೋಡಿದೆ. ನಮ್ಮ ಅಕ್ಷರಗಳ ಒತ್ತುಗಳೆಲ್ಲ ಕೆಳಗೆ ತಮ್ಮ ತಮ್ಮ ಜಾಗದಲ್ಲಿ ಮರ್ಯಾದೆಯಾಗಿ ಕೂತವು. ಸಾಕು, ಇದೇ ಇರಲಿ ಅಂದೆ.

ಪಾಸ್‌ವರ್ಡ್ ಕೊಟ್ಟೆವು. ಅದು ಮೆಟ್ಟಿಲು ಹತ್ತಿ ಹೋಗಿ ಕಾಗದಗಳನ್ನು ಹೊತ್ತು ತರತೊಡಗಿತು. ನೂರು, ಐನೂರು, ಎರಡು ಸಾವಿರ. ನಾನು ಕೈಮುಗಿದು ನಿಂತಿದ್ದೆ. ಕೊನೆಗೆ ನೋಡಿದರೆ ಅಷ್ಟೂ ತಮ್ಮ ಕಂಪನಿಯವರೇ ಅಪ್ಪನಿಗೆ ಬರೆದವು! ಒಂಬತ್ತು ವರ್ಷದಿಂದ ಪ್ರತಿ ಹುಟ್ಟುಹಬ್ಬಕ್ಕೂ ಅಪ್ಪನಿಗೆ ದೀರ್ಘಾಯುಷ್ಯ ಕೋರಿದ್ದೀರಿ. ತೀರಿಕೊಂಡವರನ್ನು ಇಷ್ಟು ತಪ್ಪದೆ ನೆನೆಯುವವರು ನಮ್ಮ ಬಂಧುಬಳಗದಲ್ಲಿ ಒಬ್ಬರೂ ಇಲ್ಲ. "ಬಹಳ ದಿನಗಳಿಂದ ತಾವು ಯಾರಿಗೂ ಮೇಲ್ ಕಳಿಸಿಲ್ಲ, ಎಲ್ಲ ಕ್ಷೇಮವೇ?" ಎಂದೂ ಒಂದು ಕಡೆ ಕೇಳಿದ್ದೀರಿ. ಓದಿ ನಗು ಬಂತು, ಆಮೇಲೆ ಸ್ವಲ್ಪ ಹೊತ್ತು ಬರಲಿಲ್ಲ.

ಅಕ್ಕನ ಕಾಗದ ಮಾತ್ರ ಇರಲಿಲ್ಲ. ಲಿಫ್ಟಿನವರು ತಲೆ ಕೆರೆದುಕೊಂಡು, ಬಂದ ಕಾಗದವೆಲ್ಲ ಇನ್‌ಬಾಕ್ಸಿನಲ್ಲಿ ಇದೆ, ಇದರಲ್ಲಿಲ್ಲ ಅಂದರೆ ನಿಮಗೆ ಬಂದೇ ಇಲ್ಲ ಎಂದರು. ಬಂದಿಲ್ಲ ಎಂದು ನನಗೂ ಗೊತ್ತು, ಇದೆ ಅಷ್ಟೆ ಎಂದೆ. ಬರದೆ ಹೇಗೆ ಇರುತ್ತದೆ ಎಂದರು. ವಿಧಿಯಿಲ್ಲದೆ ಗಡಿಯಾರ, ಆಣೆ, ಡ್ರಾಫ್ಟು, ಎಲ್ಲ ಹೇಳಬೇಕಾಯಿತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಹೊರಗಿನವರಿಗೆ ಹೇಳಿದ್ದು. ಅವರು ಕೇಳಿ ಮುಗಿಸಿ, "ನಾನು ಇಪ್ಪತ್ತು ವರ್ಷದಿಂದ ಮೇಲ್ ನೋಡ್ತಾ ಇದ್ದೀನಿ, ಡ್ರಾಫ್ಟಲ್ಲಿ ಸಂಸಾರ ಮಾಡಿದವರನ್ನ ಇವತ್ತೇ ನೋಡಿದ್ದು ತಾಯಿ" ಎಂದು ದೊಡ್ಡದಾಗಿ ಉಸಿರು ಬಿಟ್ಟರು. ಆಮೇಲೆ ವಿವರಿಸಿದರು: ಪ್ರೋಗ್ರಾಂ ಕಾಗದ ತರುವುದರಲ್ಲಿ ಎರಡು ರೀತಿ ಇದೆಯಂತೆ, ಒಂದು ರೀತಿಯಲ್ಲಿ ಬಾಗಿಲಿಗೆ ಬಂದು ಬಿದ್ದ ಕಾಗದ ಮಾತ್ರ ತರುತ್ತದಂತೆ, ಇನ್ನೊಂದು ರೀತಿಯಲ್ಲಿ ಮನೆಯೊಳಗಿನ ಎಲ್ಲ ಖಾನೆಗಳನ್ನೂ ಇದ್ದ ಹಾಗೇ ತೋರಿಸುತ್ತದಂತೆ. ಅವರು ಅಭ್ಯಾಸದಂತೆ ಮೊದಲನೆಯದನ್ನು ಹಾಕಿದ್ದರು. ಲಿಫ್ಟಿನ ಉಳಿದ ಕೆಲಸಕ್ಕೆ ಮತ್ತೆ ಬಂದಾಗ ಅದನ್ನು ಬದಲಿಸಿದರು. ಇವತ್ತು ಬೆಳಿಗ್ಗೆ ಹತ್ತೂಮುಕ್ಕಾಲಿಗೆ, ಪಕ್ಕದ ಕೋಣೆಯ ಒಗೆಯುವ ಯಂತ್ರಗಳು ಗಡಗಡ ಅನ್ನುತ್ತಿರುವಾಗ, "ಮೊಣಕಾಲು ಹೇಗಿದೆಯೋ ಏನೋ" ಎಂಬಲ್ಲಿಂದ ಶುರುವಾಗಿ ಅಷ್ಟೂ ಡ್ರಾಫ್ಟುಗಳು ಒಂದರ ಮೇಲೊಂದು ಬಂದು ನಮ್ಮ ಬೀರುವಿನಲ್ಲಿ ಕೂತವು. ಲಿಫ್ಟಿನವರು, ಹೇಳದೆಯೇ, ಹೊರಗೆ ಹೋಗಿ ನಿಂತರು.

ಅಕ್ಕನ ಕಾಗದವನ್ನು ತಾವು ಮೂರು ದಿನ ಕಾವಲು ಕಾದವರಾದ್ದರಿಂದ, ಅದರಲ್ಲಿ ಏನಿತ್ತೆಂದು ತಿಳಿಯುವ ಹಕ್ಕು ತಮಗೂ ಇದೆ:

"ಕೋಪ ಮಾಡ್ಕೊಳ್ಳಲ್ಲ ಅಂದ್ರೆ ಒಂದು ವಿಷಯ. ಬರೋ ಸೋಮವಾರ ಹನ್ನೊಂದು ಗಂಟೆಗೆ ನಾನು ಮದುವೆ ಆಗ್ತಾ ಇದ್ದೀನಿ. ನಗಬೇಡ. ಐವತ್ತಾರು ಅಂತ ನನಗೂ ಗೊತ್ತು. ಗಡಿಯಾರ ರಿಪೇರಿ ಮಾಡೋರು. ಅಪ್ಪನ ಗಡಿಯಾರ ಮತ್ತೆ ಏಳು ನಿಮಿಷ ಮುಂದೆ ಇಡಿಸೋಣ ಅಂತ ತಗೊಂಡು ಹೋಗಿದ್ದೆ, ಮುಳ್ಳು ಬಿಗಿದುಕೊಂಡು ನನ್ನ ಕೈಯಲ್ಲಿ ತಿರುಗ್ತಾ ಇರಲಿಲ್ಲ. 'ಗಡಿಯಾರ ಸರಿ ಮಾಡಿ ಅಂತ ಬರೋರನ್ನೇ ಇಷ್ಟು ದಿನ ನೋಡಿದ್ದು, ತಪ್ಪು ಮಾಡಿಕೊಡಿ ಅಂತ ಬಂದೋರು ನೀವೇ ಮೊದಲು' ಅಂದ್ರು. ಯಾಕೆ ಅಂತ ಕೇಳಿದ್ರು. ಹೇಳಿದೆ. ಆಮೇಲೆ ಹೇಳ್ತಾನೇ ಇದ್ದೀನಿ, ಅವರು ಕೇಳ್ತಾನೇ ಇದ್ದಾರೆ. ರಿಜಿಸ್ಟರ್ ಕಚೇರೀಲಿ ಸಹಿ ಹಾಕೋಕೆ ಮೂರು ಸಾಕ್ಷಿ ಬೇಕು. ಅವರ ಕಡೆಯಿಂದ ಪಕ್ಕದಂಗಡಿಯ ಚಪ್ಪಲಿ ಹೊಲಿಯೋರು ಬರ್ತಾರೆ. ನನ್ನ ಕಡೆಯಿಂದ ನೀನು, ನಿಮ್ಮ ಮನೆಯವರು. ನೀನು ಬರಲ್ಲ ಅಂತ ಆಣೆ ಹಾಕಿರಲಿಲ್ಲ, ನನಗೆ ಚೆನ್ನಾಗಿ ನೆನಪಿದೆ. ಸಹಿ ಹಾಕೋಕೆ ಮಾತಾಡಬೇಕಾಗಿಲ್ಲ. ಶನಿವಾರ ಹನ್ನೆರಡಕ್ಕೆ ಕಚೇರಿ ಮುಚ್ಚೋದರೊಳಗೆ ಹೆಸರು ಕೊಡಬೇಕು. ಅಷ್ಟರೊಳಗೆ ನಿನ್ನಿಂದ ಏನೂ ಕಾಣಲಿಲ್ಲ ಅಂದ್ರೆ, ನಿನಗೂ ದೇವರಿಗೂ ಇಷ್ಟ ಇಲ್ಲ ಅಂತ ತಿಳ್ಕೊಂಡು ಅವರಿಗೆ ಬೇಡ ಅಂದುಬಿಡ್ತೀನಿ. ಗಡಿಯಾರ ಮಾತ್ರ ಏಳು ನಿಮಿಷ ಮುಂದೇನೇ ಇರುತ್ತೆ, ಏನೇ ಆಗಲಿ."

ಮೂರು ಸಲ ಓದಿದೆ. ಕೈಯಲ್ಲಿದ್ದ ದಿಂಬಿನ ಚೀಲದಲ್ಲೇ ಕಣ್ಣೊರೆಸಿಕೊಂಡೆ. ಅದು ನಲವತ್ತೆರಡನೆಯ ಕೋಣೆಯದು, ಮತ್ತೆ ಒಗೆಯಲು ಹಾಕಿದ್ದೇನೆ. ಹೊರಗಿನಿಂದ ಲಿಫ್ಟಿನವರು "ಆಪರೇಷನ್ನಾ?" ಎಂದು ಕೇಳಿದರು. ಮದುವೆ ಅಂದೆ. "ಸದ್ಯ!" ಅಂದರು. ಕೂಡಲೇ ಉತ್ತರವನ್ನು ಡ್ರಾಫ್ಟಿನಲ್ಲಿ ಬರೆದಿಟ್ಟೆ. ನಮ್ಮ ಬೀರು ಅದನ್ನು ಹಿಂದಿನ ಮೆಟ್ಟಿಲಿಂದ ಒಯ್ದು ತಮ್ಮ ಕಂಪನಿಯ ಪೆಟ್ಟಿಗೆಯಲ್ಲಿ ಅಚ್ಚುಕಟ್ಟಾಗಿ ಇಟ್ಟು ಬಂತು.

ಮಾನ್ಯರೇ, ನನ್ನ ಕಷ್ಟ ಇಲ್ಲಿಂದಲೇ ಶುರು. ಉತ್ತರ ಅಲ್ಲಿದೆ, ಆದರೆ ಅಕ್ಕನಿಗೆ ಗೊತ್ತಿರುವುದು ಮುಂಬಾಗಿಲು ಒಂದೇ. ಅವಳಿಗೆ ಮೆಟ್ಟಿಲು ತೋರಿಸುವ ಲಿಫ್ಟಿನವರು ಅವಳೂರಿನಲ್ಲಿಲ್ಲ. ಅವಳು ದಿನಕ್ಕೆ ನಾಲ್ಕು ಸಲ ಪೆಟ್ಟಿಗೆ ತೆರೆಯುತ್ತಿರುತ್ತಾಳೆ, ನನ್ನ ತಂಗಿ ಏನೆಂದಳು ಎಂದು ನೋಡುತ್ತಾಳೆ, ಅಲ್ಲಿ ದೊಡ್ಡ ಅಕ್ಷರದಲ್ಲಿ "ಏನೋ ತಪ್ಪಾಗಿದೆ" ಎಂದು ಕಾಣುತ್ತದೆ! ಬೇರೆ ಯಾರಾದರೂ ಆಗಿದ್ದರೆ ಯಂತ್ರ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು. ನಮ್ಮ ಅಕ್ಕ ಹಲ್ಲಿ ನುಡಿದರೆ ಪ್ರಯಾಣ ನಿಲ್ಲಿಸುವವಳು. ದೇವರೇ ಬಾಯಿಬಿಟ್ಟು ಹೇಳಿದ ಎಂದುಕೊಂಡು, ಪಾಪ ಆ ಗಡಿಯಾರದವರ ಮುಂದೆ ನಿಂತು ಬೇಡ ಅಂದುಬಿಡುತ್ತಾಳೆ. ಐವತ್ತಾರು ವರ್ಷದ ಹೆಂಗಸು, ಅವಳ ಮಾತನ್ನು ಕೇಳುತ್ತಲೇ ಇರುವ ಒಬ್ಬ ಮನುಷ್ಯ ಇಷ್ಟು ವರ್ಷಕ್ಕೆ ಸಿಕ್ಕಿದ್ದಾನೆ. ಆ ಮನುಷ್ಯ ಕೈತಪ್ಪಿದರೆ ಅದರ ಪಾಪ ಯಾವ ಸರ್ವರಿನಲ್ಲಿ ಜಮೆಯಾಗುತ್ತದೆ ಎಂದು ತಾವೇ ಹೇಳಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೆ. ತಾವು ಇಷ್ಟು ದಿನ ತಿರುಗಿದ ದಿಕ್ಕಿನಲ್ಲೇ ಇನ್ನೂ ತಿರುಗಿದರೆ ಏನೂ ಆಗುವ ಲಕ್ಷಣ ಕಾಣುವುದಿಲ್ಲವಾದ್ದರಿಂದ, ದಯಮಾಡಿ ಒಂದೆರಡು ಗಂಟೆ ಹಿಂದುಮುಂದಾಗಿ ತಿರುಗಿ ನೋಡಬೇಕು. ಅದೂ ಆಗದಿದ್ದರೆ, ತಾವು ಪಕ್ಕಕ್ಕೆ ಸರಿದು, ತಮ್ಮ ಕಂಪನಿಯ ಅತಿ ದೊಡ್ಡವರೊಬ್ಬರನ್ನು ಅದೇ ಜಾಗದಲ್ಲಿ ಶನಿವಾರದವರೆಗೆ ತಿರುಗಲು ಬಿಡಬೇಕು. ಸುಸ್ಥಿತಿ ಎಂದರೇನು ಎಂದು ಅವರಿಗೂ ತಿಳಿಯಲಿ. ಅದೂ ಕಷ್ಟವೆಂದರೆ, "ಏನೋ ತಪ್ಪಾಗಿದೆ" ಎಂಬ ಮಾತನ್ನು ತೆಗೆದು, ಎಲ್ಲ ಕಚೇರಿಗಳ ಬಾಗಿಲಲ್ಲಿ ಇರುವಂಥ ಒಬ್ಬ ಮನುಷ್ಯನನ್ನು ಕೂರಿಸಿ, "ತಪ್ಪು ನಮ್ಮದು ಕಣಮ್ಮ, ನಿನ್ನ ತಂಗಿ ಬರೆದಿದ್ದಾಳೆ, ಅವಸರ ಮಾಡಬೇಡ" ಎಂದು ಹೇಳಿಸಬೇಕು. ಇಷ್ಟರಲ್ಲಿ ಒಂದನ್ನು ಮಾಡಿದರೂ ಅಪ್ಪನ ಮುಂದಿನ ಹುಟ್ಟುಹಬ್ಬಕ್ಕೆ ತಾವು ಕಳಿಸುವ ಶುಭಾಶಯವನ್ನು ನಾನೇ ಅವರ ಫೋಟೋದ ಮುಂದೆ ನಿಂತು ಓದಿ ಹೇಳುತ್ತೇನೆ.

ಉತ್ತರದಲ್ಲಿ ಏನು ಬರೆದಿದ್ದೇನೆ ಎಂದು ತಮಗೆ ಹೇಳುವಂತಿಲ್ಲ, ಅದು ಮನೆಯ ವಿಷಯ. ಆದರೆ ತಮ್ಮಂಥ ಹಿತೈಷಿಗಳಿಂದ ಮುಚ್ಚಿಡಲಾಗದ ಕೆಲವು 'ಸಾಮಾನ್ಯ ಸಂಗತಿ'ಗಳಿವೆ: ಸೋಮವಾರಕ್ಕೆ ನಾನು ರಜೆ ಬರೆದುಕೊಟ್ಟಾಗಿದೆ, ಬೆಳಗಿನ ಮೊದಲ ಬಸ್ಸಿಗೆ ಎರಡು ಸೀಟು ಹೇಳಿಯಾಗಿದೆ, ಹೊಸ ಪೆನ್ನು ಕೊಂಡು ನಾಲ್ಕು ಸಲ ಸಹಿ ಹಾಕಿ ಅಭ್ಯಾಸವೂ ಮಾಡಿಯಾಗಿದೆ, ನಮ್ಮ ಮನೆಯವರು ಎರಡು ಒಗೆದ ಅಂಗಿಗಳಲ್ಲಿ ಯಾವುದನ್ನು ಹಾಕಿಕೊಳ್ಳಲಿ ಎಂದು ಈಗಲೇ ಕೇಳುತ್ತಿದ್ದಾರೆ. ದೇವರ ಅಭಿಪ್ರಾಯವನ್ನೂ ಮಧ್ಯಾಹ್ನ ಕಣ್ಮುಚ್ಚಿ ಕೂತು ಕೇಳಿದೆ. ಅವನು ಯಾವ ಚಕ್ರವನ್ನೂ ತೋರಿಸಲಿಲ್ಲ.

ತಮ್ಮ ಪ್ರತಿಯೊಂದು ಸುತ್ತಿನಲ್ಲೂ ಇಂದಿಗೂ ವಿಶ್ವಾಸವಿಟ್ಟಿರುವ,

ನೆಲಮಾಳಿಗೆಯ ಹೊಲಿಗೆಯವಳು

ಮರೆತಿದ್ದು: ಈ ಪತ್ರಿಕೆಯನ್ನು ಮೊದಲ ಪುಟ ಬಿಟ್ಟು ದೂರುಗಳ ಪುಟದಿಂದಲೇ ಓದಲು ಶುರುಮಾಡುವ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಊರವರ ಚರಂಡಿಯ ಕಷ್ಟಗಳನ್ನೆಲ್ಲ ಜೋರಾಗಿ ಓದುವ ಚಟವಿರುವ ಕೆಲವರು ಚಿಕ್ಕಂದಿನಿಂದ ನನಗೆ ಗೊತ್ತು. ಅವರಿಗೆ ನಾನು ಏನೂ ಹೇಳುತ್ತಿಲ್ಲ. ನಾನು ಬರೆಯುತ್ತಿರುವುದು ಚಕ್ರದವರಿಗೆ, ನಮ್ಮ ಮನೆಯವರು ಪತ್ರಿಕೆಯ ಕಚೇರಿಗೆ ಒಯ್ಯುತ್ತಿರುವುದೂ ಚಕ್ರದವರ ಪತ್ರವನ್ನೇ. ಚಕ್ರದವರಿಗೆ ಇನ್ನೊಂದು ವಿಷಯ ತಿಳಿದಿರಲಿ. ಶನಿವಾರ ಗೋಡೆಯ ಗಡಿಯಾರ ಹನ್ನೆರಡು ಹೊಡೆದುಬಿಟ್ಟಿತು, ಎಲ್ಲ ಮುಗಿಯಿತು ಎಂದು ಯಾರಾದರೂ ಕೈಚೆಲ್ಲಿ ಕೂತರೆ, ಕಚೇರಿಯ ಬಾಗಿಲು ಮುಚ್ಚಲು ಇನ್ನೂ ಏಳು ನಿಮಿಷ ಇರುತ್ತದೆ. ಅಪ್ಪ ಅದಕ್ಕೇ ಹಾಗೆ ಇಟ್ಟಿದ್ದು. ಉತ್ತರದ ಒಂದು ಪ್ರತಿಯನ್ನು ಲಿಫ್ಟಿನವರು ಪ್ರಿಂಟ್ ತೆಗೆದುಕೊಟ್ಟಿದ್ದಾರೆ, ನನ್ನ ಹೊಲಿಗೆ ಯಂತ್ರದ ಎಡಗಡೆಯ ಡ್ರಾಯರಿನಲ್ಲಿ ಇದೆ. ಅದನ್ನು ಯಾರಾದರೂ ಬಂದು ತೆಗೆದುಕೊಂಡು ಹೋಗಬೇಕಾಗಿ ಕೋರಿಕೆ. ಬರುವವರು ಗಡಿಯಾರ ರಿಪೇರಿ ಬಲ್ಲವರಾಗಿದ್ದರೆ ಒಳ್ಳೆಯದು, ಇಲ್ಲಿಯದೂ ಒಂದು ನಿಂತಿದೆ, ಅವರನ್ನು ನಾನೂ ಒಮ್ಮೆ ಒಳಮಗ್ಗುಲು ತಿರುಗಿಸಿ ನೋಡಿದ ಹಾಗಾಗುತ್ತದೆ. ಕಳಿಸುವುದಿಲ್ಲ ಎಂದು ಆಣೆ ಹಾಕಿದ್ದೆ. ಬಂದು ತೆಗೆದುಕೊಂಡು ಹೋದರೆ ತಡೆಯುತ್ತೇನೆ ಎಂದು ಹಾಕಿರಲಿಲ್ಲ.